ಮಕ್ಕಳನ್ನು ಬೀಳ್ಕೊಟ್ಟ ಮನೆಗಳು: ಧರ್ಮಸಭೆಯ ಚರಿತ್ರೆಯಿಂದ ಎರಡು ಪುಟಗಳು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡವನ್ನು ಕುರಿತೂ, ಇಲ್ಲಿ ಸೇವೆ ಸಲ್ಲಿಸಿದ ಪೂಜ್ಯ ಧರ್ಮಗುರುಗಳನ್ನು ಕುರಿತೂ, ಶಾಲೆ ಮತ್ತು ಸಂಘಗಳನ್ನು ಕುರಿತೂ ಬಲ್ಲವರು ಬರೆದಿರುತ್ತಾರೆ. ನನ್ನ ಪಾಲಿಗೆ ಬಂದುದು ಬೇರೊಂದು ವಿಷಯ. ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯು ಇಲ್ಲಿ ನೆಲೆಸಿದವರ ಚರಿತ್ರೆ ಎಷ್ಟರಮಟ್ಟಿಗೆ ಆಗಿದೆಯೋ, ಇಲ್ಲಿಂದ ಹೊರಟವರ ಚರಿತ್ರೆಯೂ ಅಷ್ಟೇ ಆಗಿದೆ. ಹೊರಟವರನ್ನು ಕುರಿತು ನಾವು ವರದಿಗಳಲ್ಲಿ ಅಭಿಮಾನದಿಂದಲೇ ಬರೆಯುತ್ತೇವೆ. ಇಷ್ಟು ಮಂದಿ ಗುರುದೀಕ್ಷೆ ಪಡೆದರು, ಇಷ್ಟು ಮಂದಿ ಕನ್ಯಾಸ್ತ್ರೀಯರಾದರು, ಇಷ್ಟು ಮಂದಿ ಮುಂಬಯಿಯಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಹೆಸರು ಗಳಿಸಿದರು ಎಂದು ಲೆಕ್ಕ ಕೊಡುತ್ತೇವೆ. ಆದರೆ ಅವರನ್ನು ಕಳುಹಿಸಿಕೊಟ್ಟು ಮನೆಯ ಬಾಗಿಲಲ್ಲಿ ನಿಂತವರ ವಿಷಯವು ಯಾವ ವರದಿಯಲ್ಲಿಯೂ ಇರುವುದಿಲ್ಲ.

ಚರ್ಚಿನ ಕಚೇರಿಯಲ್ಲಿರುವ ಜ್ಞಾನಸ್ನಾನದ ಪುಸ್ತಕವನ್ನು ತೆರೆದವರಿಗೆ ಒಂದು ಸಂಗತಿ ಕಂಡುಬರುತ್ತದೆ. ಪ್ರತಿಯೊಂದು ಹೆಸರಿನ ಎದುರಿಗೂ ಷರಾ ಬರೆಯುವುದಕ್ಕಾಗಿ ಸ್ವಲ್ಪ ಸ್ಥಳವನ್ನು ಖಾಲಿ ಬಿಟ್ಟಿರುತ್ತಾರೆ. ಮಗುವು ಬೆಳೆದು ಪ್ರಪಂಚದ ಯಾವ ಮೂಲೆಯ ಕಥೋಲಿಕ ದೇವಾಲಯದಲ್ಲಿ ವಿವಾಹವಾದರೂ, ಅಲ್ಲಿಯ ಗುರುಗಳು ಆ ಸಂಗತಿಯನ್ನು ಜ್ಞಾನಸ್ನಾನವಾದ ದೇವಾಲಯಕ್ಕೆ ಬರೆದು ತಿಳಿಸತಕ್ಕದ್ದು; ಇಲ್ಲಿಯ ಗುರುಗಳು ಅದನ್ನು ಆ ಖಾಲಿ ಸ್ಥಳದಲ್ಲಿ ನಮೂದಿಸತಕ್ಕದ್ದು. ಹತ್ತನೆಯ ಪಿಯೂಸ್ ಜಗದ್ಗುರುಗಳ ಕಾಲದಲ್ಲಿ, 1907ರ ಆಗಸ್ಟ್ ತಿಂಗಳಲ್ಲಿ ಹೊರಟ ‘ನೆ ತೆಮೆರೆ’ ಎಂಬ ಆಜ್ಞೆಯಲ್ಲಿ ಈ ನಿಯಮವಿದೆ. 1917ರ ಧರ್ಮಸಭಾ ಕಾನೂನು ಸಂಹಿತೆಯು ದೃಢೀಕರಣ ಸಂಸ್ಕಾರ, ಗುರುದೀಕ್ಷೆಯ ಹಾದಿಯ ಮೆಟ್ಟಿಲು, ಸನ್ಯಾಸದ ಮಹಾವ್ರತ ಇವುಗಳನ್ನೂ ಸೇರಿಸಿತು. 1983ರ ಹೊಸ ಸಂಹಿತೆಯ 535ನೆಯ ವಿಧಿಯೂ ಅದನ್ನೇ ಮುಂದುವರಿಸಿದೆ. ಆದುದರಿಂದ ಮಗನು ಎಲ್ಲಿಗೆ ಹೋದರೂ ಅವನ ಜೀವನದ ಮುಖ್ಯ ಘಟ್ಟಗಳ ಸುದ್ದಿಯು ಕೊನೆಗೆ ಈ ಒಂದು ಪುಟಕ್ಕೆ ಬಂದು ಸೇರಬೇಕು. ಮನೆಗೆ ಕಾಗದ ಬರೆಯಲು ಮರೆತ ಮಗನ ಸುದ್ದಿಯಾದರೂ ಸರಿಯೇ!

ಆ 1907ರಲ್ಲಿಯೇ ಮಂಗಳೂರಿಗೆ ರೈಲು ಬಂದಿತೆಂಬುದು ಕಾಕತಾಳೀಯ. ಅದಕ್ಕೂ ಮುಂಚೆ ಕರಾವಳಿಯ ತರುಣರು ಮುಂಬಯಿಗೆ ಹೋಗುತ್ತಿದ್ದುದು ಸಮುದ್ರ ಮಾರ್ಗವಾಗಿ. ರೈಲು ಬಂದ ಮೇಲೆಯೂ ಬಹುಕಾಲ ಬಡವರ ದಾರಿ ಹಡಗಿನದೇ ಆಗಿದ್ದಿತು. ದೊಡ್ಡ ಹಡಗು ಆಳವಾದ ನೀರಿನಲ್ಲಿ ನಿಲ್ಲುವುದು, ಸಣ್ಣ ದೋಣಿಗಳು ಪ್ರಯಾಣಿಕರನ್ನು ಕೊಂಡೊಯ್ಯುವುದು, ದಡದಲ್ಲಿ ನಿಂತವರಿಗೆ ಕೊನೆಗೆ ಹೊಗೆಯ ಒಂದು ಗೆರೆ ಮಾತ್ರ ಕಾಣುವುದು - ಇದನ್ನೆಲ್ಲ ನಮ್ಮ ಅಜ್ಜಿಯರು ಹೇಳುತ್ತಿದ್ದರು. 1970ರ ದಶಕದಲ್ಲಿ ಎಣ್ಣೆಯ ನಾಡುಗಳ ಬಾಗಿಲು ತೆರೆದ ಮೇಲೆ ಬಂದರಿನ ಸ್ಥಾನಕ್ಕೆ ವಿಮಾನ ನಿಲ್ದಾಣ ಬಂದಿತು. ನಾನೂ ಇಬ್ಬರು ಮಕ್ಕಳನ್ನು ಬಜ್ಪೆಯಲ್ಲಿ ಬೀಳ್ಕೊಟ್ಟವನು. ಹಿಂದಿರುಗುವ ದಾರಿಯಲ್ಲಿ ವಾಹನದೊಳಗೆ ಯಾರೂ ಮಾತನಾಡುವುದಿಲ್ಲ ಎಂಬುದನ್ನು ಈ ಧರ್ಮಕೇಂದ್ರದ ಅನೇಕರಿಗೆ ನಾನು ವಿವರಿಸಬೇಕಾಗಿಲ್ಲ.

ಇಂತಹ ಮನೆಗಳಿಗೆ ಸಮಾಧಾನ ಎಲ್ಲಿಂದ ಬರಬೇಕು? ಉಪದೇಶ ಮಾಡುವ ಯೋಗ್ಯತೆ ನನ್ನದಲ್ಲ. ಚರಿತ್ರೆಯಲ್ಲಿ ಸ್ವಲ್ಪ ಆಸಕ್ತಿಯುಳ್ಳವನಾದ ಕಾರಣ, ಧರ್ಮಸಭೆಯು ತನ್ನ ಸಂತರ ಸಾಲಿನಲ್ಲಿ ಸೇರಿಸಿರುವ ಎರಡು ಮನೆಗಳ ಕತೆಯನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಬಂದರಿನ ಕತೆಯೇ.

ಉತ್ತರ ಆಫ್ರಿಕದಲ್ಲಿ, ಈಗಿನ ಅಲ್ಜೀರಿಯಕ್ಕೆ ಸೇರಿದ ಸೂಕ್ ಅಹ್ರಾಸ್ ಎಂಬ ಊರಿಗೆ ರೋಮನರ ಕಾಲದಲ್ಲಿ ತಗಾಸ್ತೆ ಎಂಬ ಹೆಸರಿದ್ದಿತು. ಸಂತ ಮೋನಿಕಮ್ಮನವರು ಆ ಊರಿನವರು. ಅವರ ಪತಿ ಪತ್ರೀಸಿಯುಸ್ ಊರಿನ ಪೌರ ಸಭೆಯ ಸದಸ್ಯ, ಮುಂಗೋಪಿ, ಅಕ್ರೈಸ್ತ. ಮರಣಕ್ಕೆ ಸ್ವಲ್ಪ ಮುಂಚೆ ಮಾತ್ರ ಜ್ಞಾನಸ್ನಾನ ಪಡೆದವನು. ಕ್ರಿ. ಶ. 354ರ ನವೆಂಬರ್ 13ರಂದು ಹುಟ್ಟಿದ ಮಗನೇ ಅಗಸ್ಟೀನ. ಬುದ್ಧಿವಂತ ಹುಡುಗ. ಬುದ್ಧಿವಂತ ಮಕ್ಕಳು ಚಿಕ್ಕ ಊರುಗಳಲ್ಲಿ ಉಳಿಯುವುದಿಲ್ಲವೆಂಬುದು ಅಂದೂ ನಿಜವೇ. ಸಾಲದುದಕ್ಕೆ ಸಿರಿವಂತನಾದ ಊರವನೊಬ್ಬನ ನೆರವನ್ನೂ ಪಡೆದು, ಹೆತ್ತವರು ಅವನನ್ನು ಕಾರ್ಥೇಜಿಗೆ ಓದಲು ಕಳುಹಿಸಿದರು. ಮಗನು ಅಲ್ಲಿ ವಿದ್ಯೆಯೊಂದಿಗೆ ಬೇರೆಯದನ್ನೂ ಕಲಿತನು. ವಿವಾಹವಿಲ್ಲದೆಯೇ ಒಬ್ಬಾಕೆಯೊಡನೆ ಸಂಸಾರ ಹೂಡಿದನು. ಮಾನಿ ಎಂಬವನ ಪಂಥವನ್ನು ಸೇರಿ ತಾಯಿಯ ವಿಶ್ವಾಸವನ್ನು ಹಾಸ್ಯ ಮಾಡತೊಡಗಿದನು.

ಇದಾದ ಮೇಲೆ ನಡೆದುದು ನಮ್ಮ ಮನೆಗಳಲ್ಲಿಯೂ ನಡೆಯತಕ್ಕ ಸಂಗತಿ. ಮಗನು ಊರಿಗೆ ಮರಳಿ ಬಂದಾಗ ತಾಯಿಯು ಅವನೊಡನೆ ಒಂದೇ ಮನೆಯಲ್ಲಿ ವಾಸಿಸಲು, ಒಂದೇ ಮೇಜಿನಲ್ಲಿ ಊಟ ಮಾಡಲು ಒಪ್ಪಲಿಲ್ಲ. ಬಳಿಕ ಅವರಿಗೆ ಒಂದು ಕನಸು ಬಿದ್ದಿತು. ಮರದ ಒಂದು ಪಟ್ಟಿಯ ಮೇಲೆ ತಾವು ನಿಂತಿರುವಂತೆಯೂ, ತೇಜಸ್ವಿಯಾದ ತರುಣನೊಬ್ಬನು ಬಂದು ಅಳುವಿನ ಕಾರಣವನ್ನು ಕೇಳಿದಂತೆಯೂ, ನೀನಿರುವಲ್ಲಿಯೇ ನಿನ್ನ ಮಗನೂ ಇರುವನು ನೋಡು ಎಂದು ತೋರಿಸಿದಂತೆಯೂ ಕಂಡಿತು. ಎಚ್ಚರವಾದ ಮೇಲೆ ಮಗನಿಗೆ ಬಾಗಿಲು ತೆರೆದರು. ವಾದ ಮಾಡುವುದರಲ್ಲಿ ಪಳಗಿದ ಮಗನು, ಹಾಗಾದರೆ ನೀನೇ ಒಂದು ದಿನ ನನ್ನ ಪಂಥಕ್ಕೆ ಬರುವೆಯೆಂದು ಅದರ ಅರ್ಥ ಎಂದನಂತೆ. ತಾಯಿಯು ಕ್ಷಣವೂ ತಡೆಯದೆ, ಅವನಿರುವಲ್ಲಿ ನೀನು ಎಂದು ಹೇಳಲಿಲ್ಲ, ನೀನಿರುವಲ್ಲಿ ಅವನು ಎಂದೇ ಹೇಳಿದ್ದು ಎಂದು ಉತ್ತರ ಕೊಟ್ಟರು. ಕನಸಿಗಿಂತಲೂ ತಾಯಿಯ ಈ ಉತ್ತರವೇ ತನ್ನನ್ನು ಹೆಚ್ಚು ಕಲಕಿತೆಂದು ಅಗಸ್ಟೀನರೇ ಮುಂದೆ ‘ಕನ್ಫೆಶನ್ಸ್’ ಎಂಬ ತಮ್ಮ ಗ್ರಂಥದಲ್ಲಿ ಒಪ್ಪಿಕೊಂಡಿದ್ದಾರೆ.

ಆ ಕಾಲದಲ್ಲಿಯೇ ಮೋನಿಕಮ್ಮನವರು ಒಬ್ಬ ಬಿಷಪರ ಬಳಿಗೆ ಹೋಗಿ, ಮಗನೊಡನೆ ಮಾತನಾಡಿ ಅವನ ತಪ್ಪನ್ನು ತಿದ್ದಬೇಕೆಂದು ಬೇಡಿಕೊಂಡರು. ಬಿಷಪರು ಒಪ್ಪಲಿಲ್ಲ. ಬಾಲ್ಯದಲ್ಲಿ ಅವರೂ ಅದೇ ಪಂಥದಲ್ಲಿ ಬೆಳೆದವರು. ಓದುತ್ತ ಓದುತ್ತ ತಾವಾಗಿಯೇ ಅದರಿಂದ ಹೊರಬಂದವರು. ಈಗ ಅವನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿಲ್ಲ, ಅವನನ್ನು ಅವನ ಪಾಡಿಗೆ ಬಿಡು, ಅವನಿಗಾಗಿ ಪ್ರಾರ್ಥಿಸು ಎಂದರು. ತಾಯಿಯು ಅಷ್ಟಕ್ಕೆ ಬಿಡದೆ ಅಳುತ್ತ ಪುನಃ ಪುನಃ ಬೇಡಿದಾಗ ಸ್ವಲ್ಪ ಬೇಸರದಿಂದಲೇ, ಹೋಗು ತಾಯಿ, ಇಷ್ಟು ಕಣ್ಣೀರಿನ ಮಗನು ಹಾಳಾಗಲಾರನು ಎಂಬರ್ಥದ ಮಾತನ್ನು ಆಡಿ ಕಳುಹಿಸಿದರು. ಪ್ರಸಂಗಗಳಲ್ಲಿ ನಾವು ಈ ಕೊನೆಯ ಮಾತನ್ನು ಮಾತ್ರ ಕೇಳುತ್ತೇವೆ. ಅವನ ಪಾಡಿಗೆ ಬಿಡು ಎಂಬ ಮೊದಲಿನ ಮಾತೇ ಹೆಚ್ಚು ಕಷ್ಟದ್ದೆಂದು ನನಗೆ ತೋರುತ್ತದೆ. ಮೋನಿಕಮ್ಮನವರಿಗೂ ಅದು ಆಗ ಸಾಧ್ಯವಾಗಲಿಲ್ಲ ಎಂಬುದನ್ನು ಮುಂದಿನ ಘಟನೆಯೇ ತೋರಿಸುತ್ತದೆ.

383ರಲ್ಲಿ ಅಗಸ್ಟೀನನು ರೋಮಿಗೆ ಹೋಗಲು ನಿಶ್ಚಯಿಸಿದನು. ವಿದ್ಯಾರ್ಥಿಗಳು ಅಲ್ಲಿ ಹೆಚ್ಚು ಶಿಸ್ತಿನವರೆಂದು ಕೇಳಿದ್ದನು. ತಾಯಿಯು ಕಾರ್ಥೇಜಿನ ಸಮುದ್ರ ತೀರದವರೆಗೂ ಹಿಂಬಾಲಿಸಿ, ಒಂದೋ ನೀನು ಹಿಂದಿರುಗಬೇಕು, ಇಲ್ಲವೋ ನನ್ನನ್ನೂ ಕರೆದುಕೊಂಡು ಹೋಗಬೇಕು ಎಂದು ಹಿಡಿದುಕೊಂಡರು. ಆಗ ಮಗನು ಸುಳ್ಳು ಹೇಳಿದನು. ಸ್ನೇಹಿತನೊಬ್ಬನು ಪ್ರಯಾಣ ಹೊರಟಿದ್ದಾನೆ, ಗಾಳಿ ಬೀಸುವವರೆಗೆ ಅವನ ಜೊತೆಯಲ್ಲಿರುತ್ತೇನೆ ಎಂದನು. ಹಡಗಿಗೆ ಸಮೀಪದಲ್ಲಿ ಹುತಾತ್ಮನಾದ ಸಂತ ಸಿಪ್ರಿಯನನ ಸ್ಮಾರಕವಾದ ಒಂದು ಪ್ರಾರ್ಥನಾ ಮಂದಿರವಿದ್ದಿತು. ತಾಯಿಯನ್ನು ಅಲ್ಲಿ ರಾತ್ರಿ ತಂಗುವಂತೆ ಹೇಗೋ ಒಪ್ಪಿಸಿದನು. ರಾತ್ರಿಯೆಲ್ಲ ತಾಯಿಯು ಕಣ್ಣೀರಿಡುತ್ತ, ಮಗನು ಹೋಗದಂತೆ ತಡೆಯಬೇಕೆಂದು ದೇವರಲ್ಲಿ ಬೇಡುತ್ತಿದ್ದರು. ಗಾಳಿ ಬೀಸಿತು. ಹಡಗು ಹೊರಟಿತು. ಬೆಳಗಾದಾಗ ದಡದಲ್ಲಿ ತಾಯಿ ಒಬ್ಬರೇ ಇದ್ದರು.

ಈ ರಾತ್ರಿಯನ್ನು ಕುರಿತು ಮಗನು ಬರೆದಿರುವುದು ಗಮನಾರ್ಹವಾದುದು. ಎಲ್ಲ ತಾಯಂದಿರಂತೆ, ಅವರಲ್ಲಿ ಅನೇಕರಿಗಿಂತ ಹೆಚ್ಚಾಗಿ, ನನ್ನನ್ನು ಹತ್ತಿರದಲ್ಲಿಯೇ ಇರಿಸಿಕೊಳ್ಳಬೇಕೆಂಬ ಆಸೆ ಆಕೆಗೆ ಇದ್ದಿತು ಎನ್ನುತ್ತಾರೆ. ದೇವರು ಆ ರಾತ್ರಿ ಆಕೆ ಕೇಳಿದ್ದನ್ನು ಕೊಡಲಿಲ್ಲ. ಆಕೆ ಸದಾ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿಯೇ ಕೊಡಲಿಲ್ಲ ಎಂದು ತಮ್ಮ ಅಭಿಪ್ರಾಯವನ್ನು ತಿಳಿಸುತ್ತಾರೆ. ಮಗನು ಆಫ್ರಿಕದಲ್ಲಿಯೇ ಉಳಿದಿದ್ದರೆ ಮಿಲಾನಿಗೆ ಹೋಗುತ್ತಿರಲಿಲ್ಲ; ಅಲ್ಲಿ ಸಂತ ಅಂಬ್ರೋಸರ ಪ್ರಸಂಗಗಳನ್ನು ಕೇಳುತ್ತಲೂ ಇರಲಿಲ್ಲ. ಆದರೆ ದಡದಲ್ಲಿ ನಿಂತಿದ್ದ ತಾಯಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅವರು ಅತ್ತರು, ಮಗನ ಮೋಸವನ್ನೂ ಕಠಿಣ ಮನಸ್ಸನ್ನೂ ದೂರಿದರು. ಆಮೇಲೆ ಊರಿಗೆ ಮರಳಿ ಎಂದಿನಂತೆ ಅವನಿಗಾಗಿ ಪ್ರಾರ್ಥಿಸುವುದನ್ನು ಮುಂದುವರಿಸಿದರು. ರೋಮಿನಲ್ಲಿ ಮಗನು ಜ್ವರ ಬಂದು ಸಾವಿನ ಅಂಚಿಗೆ ಹೋದನು. ತಾಯಿಗೆ ಆ ವಿಷಯ ತಿಳಿಯದು. ಪ್ರಾರ್ಥನೆ ಮಾತ್ರ ನಿಂತಿರಲಿಲ್ಲ.

385ರಲ್ಲಿ ಅವರೂ ಸಮುದ್ರವನ್ನು ದಾಟಿ ಮಿಲಾನಿಗೆ ಹೋದರು. ಬಿರುಗಾಳಿಗೆ ಹೆದರಿದ ನಾವಿಕರಿಗೆ ದಾರಿಯಲ್ಲಿ ಈ ವಿಧವೆಯೇ ಧೈರ್ಯ ಹೇಳಬೇಕಾಯಿತು. ಅಲ್ಲಿ ಮಗನು ತಾನು ಮಾನಿಯ ಪಂಥವನ್ನು ಬಿಟ್ಟಿರುವುದಾಗಿಯೂ, ಆದರೂ ಇನ್ನೂ ಕಥೋಲಿಕನಾಗಿಲ್ಲವೆಂದೂ ತಿಳಿಸಿದಾಗ ಅವರು ಸಂಭ್ರಮಪಡಲಿಲ್ಲ. ನಾನು ಸಾಯುವುದರೊಳಗೆ ನಿನ್ನನ್ನು ವಿಶ್ವಾಸಿಯಾಗಿ ಕಾಣುವೆನೆಂದು ಕ್ರಿಸ್ತನಲ್ಲಿ ನನಗೆ ನಂಬಿಕೆಯಿದೆ ಎಂದು ಶಾಂತವಾಗಿ ಹೇಳಿದರು. ಬಂದರಿನಲ್ಲಿ ಅಂಗಿಯನ್ನು ಹಿಡಿದೆಳೆದ ಆ ಎರಡು ವರ್ಷಗಳ ಹಿಂದಿನ ತಾಯಿಗೂ ಈ ತಾಯಿಗೂ ವ್ಯತ್ಯಾಸವಿದೆ.

ಇನ್ನೊಂದು ಚಿಕ್ಕ ಸಂಗತಿಯನ್ನೂ ಹೇಳಬೇಕು. ಆಫ್ರಿಕದಲ್ಲಿ ಹುತಾತ್ಮರ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸಗಳನ್ನು ಕೊಂಡೊಯ್ಯುವ ಪದ್ಧತಿಯಿದ್ದಿತು. ಮಿಲಾನಿನಲ್ಲಿಯೂ ಮೋನಿಕಮ್ಮನವರು ಹಾಗೆಯೇ ಹೋದಾಗ, ಬಿಷಪ್ ಅಂಬ್ರೋಸರು ಇದನ್ನು ನಿಷೇಧಿಸಿದ್ದಾರೆಂದು ಬಾಗಿಲು ಕಾಯುವವನು ತಡೆದನು. ಅವರು ಮರುಮಾತಿಲ್ಲದೆ ಆ ಪದ್ಧತಿಯನ್ನು ಬಿಟ್ಟು, ಬುಟ್ಟಿಯಲ್ಲಿದ್ದುದನ್ನು ಬಡವರಿಗೆ ಕೊಡುವ ಮಾರ್ಗವನ್ನು ಹಿಡಿದರು. ಮಕ್ಕಳ ಮನೆಗೆ ಪರ ಊರಿಗೆ ಹೋದ ಹಿರಿಯರಿಗೆ, ನಮ್ಮೂರಲ್ಲಿ ಹೀಗಲ್ಲ ಎಂಬ ಮಾತು ಎಷ್ಟು ಬೇಗ ನಾಲಿಗೆಗೆ ಬರುತ್ತದೆ ಎಂಬುದನ್ನು ಬಲ್ಲವರು ಈ ವಿಧೇಯತೆಯ ಬೆಲೆಯನ್ನು ತಿಳಿಯಬಲ್ಲರು. 386ರ ವಸಂತದಲ್ಲಿ ಸಾಮ್ರಾಜ್ಞಿ ಜುಸ್ತೀನಾಳ ಸೈನಿಕರು ದೇವಾಲಯವನ್ನು ವಶಪಡಿಸಿಕೊಳ್ಳಲು ಬಂದಾಗ, ಬಿಷಪರೊಡನೆ ರಾತ್ರಿಯಿಡೀ ಜಾಗರಣೆ ಮಾಡಿದ ಜನರಲ್ಲಿ ಮೋನಿಕಮ್ಮನವರು ಮುಂದಿದ್ದರು. ಮಗನು ಇನ್ನೂ ಹೊರಗೆಯೇ ಇದ್ದನು. ತಾಯಿಗೆ ತನ್ನದೇ ಆದ ಪ್ರಾರ್ಥನೆ, ಕೆಲಸ, ಕೂಟ ಇದ್ದುವು.

ಸಂತರ ಕತೆಯಲ್ಲಿಯೂ ನೆರಳಿನ ಭಾಗವನ್ನು ಮುಚ್ಚಿಡಬಾರದು. ಮಗನಿಗೆ ಯೋಗ್ಯ ವಿವಾಹವಾಗಲೆಂದು ತಾಯಿಯೇ ಮುಂದಾಗಿ ಹೆಣ್ಣು ಗೊತ್ತುಪಡಿಸಿದರು. ಅದಕ್ಕೆ ಅಡ್ಡಿಯೆಂದು, ಹಲವು ವರ್ಷ ಜೊತೆಯಲ್ಲಿದ್ದವಳನ್ನು ಆಫ್ರಿಕಕ್ಕೆ ಕಳುಹಿಸಲಾಯಿತು. ಬೇರೊಬ್ಬ ಪುರುಷನನ್ನು ಅರಿಯೆನೆಂದು ದೇವರಿಗೆ ಮಾತು ಕೊಟ್ಟು, ತನ್ನ ಮಗನನ್ನು ತಂದೆಯ ಬಳಿಯಲ್ಲಿ ಬಿಟ್ಟು ಆಕೆ ಹೊರಟುಹೋದಳು. ಆ ಹುಡುಗನ ಹೆಸರು ಅದೆಯೋದಾತುಸ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ದೇವದತ್ತ. ಹದಿಹರೆಯದಲ್ಲಿಯೇ ಅವನು ತೀರಿಕೊಂಡನು. ಆ ತಾಯಿಯ ಹೆಸರನ್ನು ಅಗಸ್ಟೀನರು ಬರೆದಿಲ್ಲ. ಈ ಚರಿತ್ರೆಯನ್ನು ಓದುವಾಗಲೆಲ್ಲ ಮಗನನ್ನು ಅಗಲಿ ಹಡಗು ಹತ್ತಿದ ಆ ಹೆಸರಿಲ್ಲದವಳ ನೆನಪು ನನಗೆ ಬರುತ್ತದೆ. ಅವಳ ಕಣ್ಣೀರಿನ ಲೆಕ್ಕವೂ ದೇವರಲ್ಲಿ ಇದ್ದೇ ಇರಬೇಕು.

ಗೊತ್ತುಪಡಿಸಿದ ಆ ವಿವಾಹವೂ ನಡೆಯಲಿಲ್ಲ. 386ರ ಬೇಸಗೆಯ ಕೊನೆಯಲ್ಲಿ ಮಿಲಾನಿನ ಉದ್ಯಾನದಲ್ಲಿ ಅಗಸ್ಟೀನನ ಮನಸ್ಸು ತಿರುಗಿತು; 387ರ ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಏಪ್ರಿಲ್ 24ರ ರಾತ್ರಿ, ಅಂಬ್ರೋಸರ ಕೈಯಿಂದ ತಂದೆಯೂ ಮಗನೂ ಒಟ್ಟಿಗೆ ಜ್ಞಾನಸ್ನಾನ ಪಡೆದರು. ಎಲ್ಲರೂ ಆಫ್ರಿಕಕ್ಕೆ ಮರಳಲೆಂದು ರೋಮಿನ ಬಂದರಾದ ಓಸ್ತಿಯಾಕ್ಕೆ ಬಂದರು. ಪುನಃ ಒಂದು ಬಂದರು. ಇಲ್ಲಿಯೂ ಹಡಗಿಗಾಗಿ ಕಾಯುತ್ತಿದ್ದಾಗ, ತೋಟದ ಕಡೆಗಿನ ಕಿಟಕಿಯ ಬಳಿ ನಿಂತು ತಾಯಿ ಮಕ್ಕಳಿಬ್ಬರೂ ನಿತ್ಯಜೀವವನ್ನು ಕುರಿತು ಮಾತನಾಡಿದುದು ಧರ್ಮಸಭೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಕೆಲವೇ ದಿನಗಳಲ್ಲಿ ಮೋನಿಕಮ್ಮನವರಿಗೆ ಜ್ವರ ಬಂದಿತು. ಊರಿನಲ್ಲಿ ಪತಿಯ ಸಮಾಧಿಯ ಪಕ್ಕದಲ್ಲಿ ತಮಗೂ ಸ್ಥಳವನ್ನು ಸಿದ್ಧಪಡಿಸಿ, ಅಲ್ಲಿಯೇ ಮಣ್ಣಾಗಬೇಕೆಂದು ಬಹುಕಾಲ ಬಯಸಿದ್ದವರು ಅವರು. ಇನ್ನೊಬ್ಬ ಮಗನಾದ ನವೀಗಿಯುಸನು ಪರದೇಶದಲ್ಲಿ ಸಾಯಬಾರದೆಂದು ಹೇಳಿದಾಗ ಅವನನ್ನು ನೋಟದಿಂದಲೇ ಗದರಿಸಿದರು. ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಅದರ ಚಿಂತೆ ಬೇಡ; ನೀವು ಎಲ್ಲಿದ್ದರೂ ದೇವರ ಪೀಠದ ಬಳಿ ನನ್ನನ್ನು ಸ್ಮರಿಸಿ, ಅಷ್ಟೇ ಸಾಕು ಎಂಬುದು ಅವರ ಕೋರಿಕೆಯ ಸಾರ. ಒಂಬತ್ತನೆಯ ದಿನ, ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮಗನು ಎಲ್ಲಿರಬೇಕೆಂದು ದೇವರಿಗೆ ಹಟ ಹಿಡಿದಿದ್ದ ತಾಯಿಯು ಕೊನೆಗೆ ತನ್ನ ಮೂಳೆಗಳು ಎಲ್ಲಿರಬೇಕೆಂಬುದನ್ನೂ ಕೇಳದೆ ಹೋದರು. ಅವರ ಶಾಂತಿಯು ಒಂದೇ ದಿನದಲ್ಲಿ ಬಂದುದಲ್ಲ. ಮಗನು ಸರಿದಾರಿಗೆ ಬಂದ ಮೇಲೆ ಬಹುಮಾನವಾಗಿ ಸಿಕ್ಕಿದುದೂ ಅಲ್ಲ. ಮಿಲಾನಿನಲ್ಲಿ ಶಾಂತವಾಗಿ ಮಾತನಾಡಿದಾಗ ಮಗನು ಇನ್ನೂ ಬಂದಿರಲಿಲ್ಲವಷ್ಟೆ. ಅವರ ಪವಿತ್ರ ಅವಶೇಷಗಳನ್ನು 1430ರಲ್ಲಿ ರೋಮಿಗೆ ತಂದರು. ಈಗ ಅವು ಅಲ್ಲಿಯ ಸಂತ ಅಗಸ್ಟೀನರ ದೇವಾಲಯದಲ್ಲಿವೆ. ಓಸ್ತಿಯಾದಲ್ಲಿದ್ದ ಸಮಾಧಿಯ ಬರಹವುಳ್ಳ ಕಲ್ಲಿನ ಒಂದು ತುಂಡು 1945ರಲ್ಲಿ ಸಿಕ್ಕಿತು. ಅದನ್ನು ಕಂಡುಹಿಡಿದವರು ಪಂಡಿತರಲ್ಲ. ಚರ್ಚಿನ ಪಕ್ಕದ ಅಂಗಳದಲ್ಲಿ ಆಟಕ್ಕಾಗಿ ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರು.

ಎರಡನೆಯ ಮನೆಯು ನಮ್ಮ ಕಾಲಕ್ಕೆ ಹತ್ತಿರದ್ದು. ಇಲ್ಲಿ ದಾರಿ ತಪ್ಪಿದ ಮಗನಿಲ್ಲ. ಎಲ್ಲರೂ ದೇವರ ಮನೆಗೆ ಹೊರಟವರೇ. ಆದರೂ ಮನೆಯು ಖಾಲಿಯಾದುದು ಸುಳ್ಳಲ್ಲ.

ಫ್ರಾನ್ಸಿನ ಅಲಾನ್ಸೋನ್ ಎಂಬ ಊರಿನಲ್ಲಿ ಗಡಿಯಾರದ ಅಂಗಡಿಯಿಟ್ಟಿದ್ದ ಲೂಯಿ ಮಾರ್ಟಿನ್ ಹಾಗೂ ಕಸೂತಿಯಂತಹ ನವುರಾದ ಜಾಲರಿಯನ್ನು ನೇಯಿಸಿ ಮಾರುತ್ತಿದ್ದ ಝೇಲಿ ಗೆರಾನ್ 1858ರ ಜುಲೈ 13ರಂದು ವಿವಾಹವಾದರು. ಯೌವನದಲ್ಲಿ ಇಬ್ಬರೂ ಮಠ ಸೇರಲು ಬಯಸಿದ್ದವರು. ಇಬ್ಬರಿಗೂ ಪ್ರವೇಶ ಸಿಕ್ಕಿರಲಿಲ್ಲ. ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರು ಎಳೆಯ ವಯಸ್ಸಿನಲ್ಲಿಯೇ ತೀರಿಹೋದರು. ಉಳಿದವರು ಐವರು ಹೆಣ್ಣುಮಕ್ಕಳು: ಮರಿಯಾ, ಪೌಲಿನ್, ಲಿಯೋನಿ, ಸೆಲಿನ್ ಮತ್ತು 1873ರ ಜನವರಿ 2ರಂದು ಹುಟ್ಟಿದ ತೆರೇಸಾ. ನಾವೆಲ್ಲರೂ ಬಾಲಯೇಸುವಿನ ಸಂತ ತೆರೇಸಾ ಎಂದು ಬಲ್ಲ ಕಿರುಪುಷ್ಪವೇ ಆಕೆ. 1877ರ ಆಗಸ್ಟ್ 28ರಂದು ತಾಯಿ ಝೇಲಿಯವರು ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ಅದು ಸಂತ ಅಗಸ್ಟೀನರ ಹಬ್ಬದ ದಿನವಾಗಿದ್ದಿತು. ಐವತ್ನಾಲ್ಕು ವರ್ಷದ ತಂದೆಯು ಐವರು ಮಕ್ಕಳನ್ನು ಕರೆದುಕೊಂಡು, ಪತ್ನಿಯ ತಮ್ಮನಿದ್ದ ಲಿಸ್ಯೂ ಪಟ್ಟಣಕ್ಕೆ ಬಂದರು.

ಅಲ್ಲಿಂದ ಮುಂದೆ ಒಬ್ಬೊಬ್ಬರಾಗಿ ಹೊರಟರು. 1882ರ ಅಕ್ಟೋಬರ್‌ನಲ್ಲಿ ಪೌಲಿನ್ ಲಿಸ್ಯೂವಿನ ಕಾರ್ಮೆಲ್ ಮಠವನ್ನು ಸೇರಿದಳು. 1886ರ ಅಕ್ಟೋಬರ್‌ನಲ್ಲಿ ತಂದೆಗೆ ಅತಿ ಪ್ರಿಯಳಾದ ಹಿರಿಯವಳು ಮರಿಯಾ ಹೋದಳು. 1887ರ ಪೆಂತೆಕೋಸ್ತ್ ಹಬ್ಬದ ದಿನ, ಮೇ 29ರ ಸಂಜೆ, ಹದಿನಾಲ್ಕು ವರ್ಷದ ತೆರೇಸಾ ತೋಟದಲ್ಲಿ ಕುಳಿತಿದ್ದ ತಂದೆಯ ಬಳಿಗೆ ಹೋಗಿ ತಾನೂ ಮಠಕ್ಕೆ ಹೋಗಬೇಕೆಂದು ಅಳುತ್ತ ಕೇಳಿದಳು. ಆ ತಿಂಗಳ ಆದಿಯಲ್ಲಿಯೇ ತಂದೆಗೆ ಪಾರ್ಶ್ವವಾಯುವಿನ ಮೊದಲ ಪೆಟ್ಟು ಬಿದ್ದಿದ್ದಿತು. ಅವರೂ ಅತ್ತರು. ಇಷ್ಟು ಚಿಕ್ಕ ವಯಸ್ಸಿನಲ್ಲೇ ಎಂದು ಒಮ್ಮೆ ಹೇಳಿ ನೋಡಿದರು, ಬಳಿಕ ಒಪ್ಪಿದರು. ಅನಂತರ ತಗ್ಗಾದ ಗೋಡೆಯ ಮೇಲೆ ಬೆಳೆದಿದ್ದ ಒಂದು ಸಣ್ಣ ಬಿಳಿಯ ಹೂವನ್ನು ಕಿತ್ತು ಮಗಳ ಕೈಗೆ ಕೊಟ್ಟರು. ಕೀಳುವಾಗ ಬೇರು ತುಂಡಾಗದೆ ಹಾಗೆಯೇ ಬಂದಿತೆಂದು ತೆರೇಸಾ ಬರೆದಿದ್ದಾಳೆ. ಮಗಳ ವಯಸ್ಸು ಚಿಕ್ಕದೆಂದು ಗುರುಗಳೂ ಬಿಷಪರೂ ಹಿಂದೆಗೆದಾಗ, ಅವಳನ್ನು ರೋಮಿಗೆ ಕರೆದೊಯ್ದು ಹದಿಮೂರನೆಯ ಲಿಯೋ ಜಗದ್ಗುರುಗಳ ಪಾದದವರೆಗೂ ತಲುಪಿಸಿದವರು ಈ ತಂದೆಯೇ. ತನ್ನನ್ನು ಬಿಟ್ಟುಹೋಗುವುದಕ್ಕಾಗಿ ಮಗಳು ಮಾಡಿದ ಪ್ರಯಾಣದ ಖರ್ಚನ್ನೂ ತಾನೇ ಕೊಟ್ಟ ತಂದೆ! 1888ರ ಏಪ್ರಿಲ್ 9ರಂದು ಅವಳೂ ಹೋದಳು. ಅದೇ ಜೂನ್‌ನಲ್ಲಿ ಸೆಲಿನ್ ತನಗೂ ಅದೇ ಬಯಕೆಯೆಂದು ತಿಳಿಸಿದಾಗ, ಬಾ, ಇಬ್ಬರೂ ಹೋಗಿ ಪರಮಪ್ರಸಾದದ ಮುಂದೆ ದೇವರಿಗೆ ಕೃತಜ್ಞತೆ ಹೇಳೋಣ ಎಂದರಂತೆ.

ನಡುವಿನ ಮಗಳು ಲಿಯೋನಿಯ ಕತೆಯೇ ಬೇರೆ. ಕಲಿಕೆಯಲ್ಲಿಯೂ ಸ್ವಭಾವದಲ್ಲಿಯೂ ಚಿಕ್ಕಂದಿನಿಂದಲೇ ತಾಯಿಗೆ ಚಿಂತೆ ತಂದವಳು. 1886ರಲ್ಲಿ ಒಂದು ಮಠ ಸೇರಿ ಏಳು ವಾರಗಳಲ್ಲಿ ಮರಳಿದಳು. 1887ರಲ್ಲಿ ಇನ್ನೊಂದಕ್ಕೆ ಹೋಗಿ ಆರು ತಿಂಗಳಲ್ಲಿ ಬಂದಳು. ತಂದೆಯು ಎರಡು ಬಾರಿಯೂ ಮನೆಗೆ ಸೇರಿಸಿಕೊಂಡರು. ಅವರ ಮರಣಾನಂತರವೂ ಒಮ್ಮೆ ಹೊರಬಂದು, ಕೊನೆಗೆ 1899ರಲ್ಲಿ ಕಾನ್ ಪಟ್ಟಣದ ಮಠದಲ್ಲಿ ನೆಲೆನಿಂತು, 1941ರಲ್ಲಿ ಅಲ್ಲಿಯೇ ತೀರಿಕೊಂಡಳು. 2015ರಲ್ಲಿ ಆಕೆಯನ್ನೂ ಸಂತ ಪದವಿಗೇರಿಸುವ ವಿಚಾರಣೆಯು ಆರಂಭವಾಯಿತು. ಹೋದ ಕೆಲಸ ಕೈಗೂಡದೆ ಮರಳಿ ಬರುವ ಮಕ್ಕಳು ನಮ್ಮಲ್ಲಿಯೂ ಇದ್ದಾರೆ. ಅಂತಹ ಮನೆಗಳಲ್ಲಿ ನೆರೆಹೊರೆಯವರ ಪ್ರಶ್ನೆಗಳಿಗೆ ಉತ್ತರಿಸುವುದೇ ಒಂದು ಶಿಲುಬೆ.

ಲೂಯಿ ಮಾರ್ಟಿನರ ಮುಂದಿನ ವರ್ಷಗಳು ಸುಲಭವಾಗಿರಲಿಲ್ಲ. 1888ರ ಜೂನ್‌ನಲ್ಲಿ ಯಾರಿಗೂ ಹೇಳದೆ ಮನೆ ಬಿಟ್ಟು, ನಾಲ್ಕು ದಿನಗಳ ತರುವಾಯ ಹಾವ್ರ್ ಬಂದರಿನಲ್ಲಿ ಸಿಕ್ಕಿದರು. ನೆನಪು ಕುಸಿಯಿತು, ಮನಸ್ಸು ಕದಡಿತು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ಪಟ್ಟಣದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಮೂರು ವರ್ಷ ಕಳೆದರು. ಮಕ್ಕಳೆಲ್ಲ, ಅದರಲ್ಲಿಯೂ ಕಿರಿಯವಳು, ಬಿಟ್ಟುಹೋದುದರಿಂದಲೇ ಹುಚ್ಚು ಹಿಡಿಯಿತೆಂದು ಊರಿನ ಜನ ಆಡಿಕೊಂಡರು. ಆ ಮಾತು ಮಠದೊಳಗಿನ ಮಕ್ಕಳ ಕಿವಿಗೂ ಮುಟ್ಟಿತು. ಅವರು ನಿಯಮದಿಂದಾಗಿ ಹೊರಗೆ ಕಾಲಿಡುವಂತಿಲ್ಲ, ತಂದೆಯನ್ನು ನೋಡುವಂತಿಲ್ಲ. 1890ರ ಸೆಪ್ಟೆಂಬರ್‌ನಲ್ಲಿ ತೆರೇಸಾ ಕಪ್ಪು ಮುಸುಕನ್ನು ಸ್ವೀಕರಿಸಿದ ದಿನ ತಂದೆ ಬರಲಾರದೆ ಹೋದುದಕ್ಕೆ ಅತ್ತಳು. ವಿಶ್ವಾಸವಿದ್ದವರಿಗೆ ನೋವಿಲ್ಲವೆಂದು ಹೇಳುವವರು ಈ ಪುಟವನ್ನು ಓದಿಕೊಳ್ಳಬೇಕು. ರೋಗದ ಪೆಟ್ಟು ಬಿದ್ದುದು ಕಿರಿಯವಳು ಮಠಕ್ಕೆ ಹೋಗುವುದಕ್ಕೆ ಸುಮಾರು ಒಂದು ವರ್ಷ ಮೊದಲೇ. ಊರಿನ ನಾಲಿಗೆಗೆ ತಾರೀಖಿನ ಹಂಗು ಎಲ್ಲಿಯದು?

1892ರ ಮೇ ತಿಂಗಳಲ್ಲಿ ಅವರನ್ನು ಆಸ್ಪತ್ರೆಯಿಂದ ಕರೆತಂದರು. ಕಾಲಿನ ಶಕ್ತಿ ಉಡುಗಿ, ಮಾತೂ ಕಷ್ಟವಾಗಿದ್ದಿತು. ಮೇ 12ರಂದು ಮಠದ ಭೇಟಿಯ ಕೋಣೆಗೆ ಕರೆದೊಯ್ದಾಗ ಸರಳುಗಳ ಆಚೆಗೆ ಮೂವರು ಹೆಣ್ಣುಮಕ್ಕಳಿದ್ದರು. ಹೊರಡುವಾಗ ತಂದೆಯು ಬೆರಳನ್ನು ಮೇಲಕ್ಕೆತ್ತಿ, ಸ್ವರ್ಗದಲ್ಲಿ ಎಂಬ ಒಂದೇ ಮಾತನ್ನು ಆಡಿದರು. ಅದೇ ಕೊನೆಯ ಭೇಟಿ. 1894ರ ಜುಲೈ 29ರಂದು ತೀರಿಕೊಂಡರು. ಅಲ್ಲಿಯವರೆಗೆ ಸೆಲಿನ್ ತನ್ನ ಬಯಕೆಯನ್ನು ಬದಿ‍ಗಿರಿಸಿ ಅವರ ಸೇವೆ ಮಾಡಿದಳು. ಸೆಪ್ಟೆಂಬರ್ 14ರಂದು ಅವಳೂ ಕಾರ್ಮೆಲನ್ನು ಸೇರಿದಳು. ಮಠದ ಗೋಡೆಯನ್ನು ದಾಟದೆಯೇ 1897ರಲ್ಲಿ ತೀರಿಕೊಂಡ ತೆರೇಸಾಳನ್ನು 1925ರಲ್ಲಿ ಸಂತಳೆಂದೂ, 1927ರಲ್ಲಿ ಧರ್ಮಪ್ರಚಾರ ಕಾರ್ಯಗಳ ಪಾಲಕಿಯೆಂದೂ ಸಾರಲಾಯಿತು. ಆಕೆಯ ತಂದೆ ತಾಯಿಯರನ್ನು 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ರೋಮಿನಲ್ಲಿ ಒಟ್ಟಿಗೆ ಸಂತರ ಸಾಲಿಗೆ ಸೇರಿಸಿದರು. ಪತಿಪತ್ನಿಯರಿಬ್ಬರನ್ನು ದಂಪತಿಗಳಾಗಿ ಹೀಗೆ ಒಂದೇ ದಿನ ಸಂತರೆಂದು ಘೋಷಿಸಿದುದು ಅದೇ ಮೊದಲು. ಮಠ ಕಟ್ಟಿದವರಲ್ಲ, ಗ್ರಂಥ ಬರೆದವರಲ್ಲ. ಮಕ್ಕಳನ್ನು ಹೆತ್ತು, ಕೆಲವರನ್ನು ಮಣ್ಣಿಗೂ ಕೆಲವರನ್ನು ಮಠಕ್ಕೂ ಒಪ್ಪಿಸಿದವರು.

ಮೋನಿಕಮ್ಮನವರ ಸ್ಮರಣೆಯನ್ನು ಮೊದಲು ಮೇ 4ರಂದು ಆಚರಿಸುತ್ತಿದ್ದರು. 1969ರಲ್ಲಿ ಧರ್ಮಸಭೆಯ ಪಂಚಾಂಗವನ್ನು ಪರಿಷ್ಕರಿಸಿದಾಗ ಅದನ್ನು ಆಗಸ್ಟ್ 27ಕ್ಕೆ, ಮಗನ ಹಬ್ಬದ ಹಿಂದಿನ ದಿನಕ್ಕೆ ತಂದಿರಿಸಿದರು. ನಮ್ಮ ಧರ್ಮಕೇಂದ್ರದಲ್ಲಿ ಆ ದಿನದ ಬೆಳಗಿನ ಬಲಿಪೂಜೆಗೆ ಹೆಚ್ಚು ಜನ ಇರುವುದಿಲ್ಲ. ವಯಸ್ಸಾದವರು ನಾಲ್ಕಾರು ಸಾಲು. ಪೂಜೆಗೆ ಮುಂಚೆ ಓದುವ ಉದ್ದೇಶಗಳಲ್ಲಿ ದುಬೈಯಲ್ಲಿರುವ ಮಗನ ಕೆಲಸಕ್ಕಾಗಿ, ಕೆನಡಾದಲ್ಲಿ ಹೆರಿಗೆಯಾಗಲಿರುವ ಮಗಳಿಗಾಗಿ ಎಂಬ ಮಾತುಗಳು ಕೇಳಿಬರುತ್ತವೆ. ತೀರಿಕೊಂಡ ತಂದೆ ತಾಯಿಗಾಗಿ ಅಲ್ಲಿಂದ ಮಕ್ಕಳು ಮಾಡಿಸುವ ಪೂಜೆಗಳೂ ಅದೇ ಪಟ್ಟಿಯಲ್ಲಿರುತ್ತವೆ. ಓಸ್ತಿಯಾದಲ್ಲಿ ಒಬ್ಬ ತಾಯಿ ಮಕ್ಕಳಲ್ಲಿ ಕೇಳಿಕೊಂಡಿದ್ದುದು ಅಷ್ಟನ್ನೇ.

ಶತಮಾನೋತ್ಸವಕ್ಕೆ ಬರಲಿರುವ ಪರ ಊರಿನ ಮಕ್ಕಳು ಎರಡು ದಿನ ಇದ್ದು ಹೊರಟುಹೋಗುವರು. ಹೊರಡುವ ಮೊದಲು ಅವರಲ್ಲಿ ಕೆಲವರಾದರೂ ಕಚೇರಿಗೆ ಬಂದು ಜ್ಞಾನಸ್ನಾನದ ಪುಸ್ತಕದಲ್ಲಿ ತಮ್ಮ ಹೆಸರನ್ನು ನೋಡಲು ಇಷ್ಟಪಡಬಹುದು. ಖಾಲಿ ಬಿಟ್ಟ ಸ್ಥಳದಲ್ಲಿ ಮುಂಬಯಿಯದೋ ಬೆಂಗಳೂರಿನದೋ ಒಂದು ಚರ್ಚಿನ ಹೆಸರು, ವಿವಾಹದ ತಾರೀಖು, ಅಂದಿನ ಗುರುಗಳ ಕೈಬರಹ ಕಾಣುವುದು. ಅದರ ಬದಿಯಲ್ಲಿಯೇ, ಬಹುಕಾಲ ಹಿಂದಿನ ಶಾಯಿಯಲ್ಲಿ, ತಂದೆಯ ಹೆಸರು, ತಾಯಿಯ ಹೆಸರು, ಮನೆಯ ಹೆಸರು.